ಎಂಬಾಝೆನಿಯ ದೋಣಿಕಟ್ಟೆ

ಎಂಬಾಝೆನಿ ಸರೋವರದ ರಜಾ ಬಿಡಾರ
12 ಏಪ್ರಿಲ್ 1997

ತಮ್ಮಾ ಎಲಿಫಾಸಿ,

ಈಸ್ಟರ್ ಜನ ಮೊನ್ನೆ ಖಾಲಿಯಾದರು. ಹದಿನಾಲ್ಕು ಗುಡಿಸಲೂ ತುಂಬಿದ್ದವು. ಡರ್ಬನ್ನಿನಿಂದ, ಜೋಹಾನ್ಸ್‌ಬರ್ಗಿನಿಂದ, ಕಾರಿನ ಹಿಂದೆ ದೋಣಿ ಕಟ್ಟಿಕೊಂಡು ಬಂದವರು. ಹತ್ತು ದಿನ ನಾನು ಅಡುಗೆಮನೆಯಿಂದ ಹೊರಗೆ ಕಾಲಿಟ್ಟಿಲ್ಲ. ಒಬ್ಬ ಹೆಂಗಸು ಮೊಟ್ಟೆ ಬೇಯಿಸುವುದು ಹೇಗೆಂದು ಕಲಿಸಲು ಒಳಗೇ ಬಂದಳು. ಇಪ್ಪತ್ತು ವರ್ಷದಿಂದ ಬೇಯಿಸುತ್ತಿರುವ ನಾನು ಕೈಕಟ್ಟಿ ನಿಂತು ಕಲಿತೆ.

ಸುದ್ದಿ ಏನೆಂದರೆ, ನನ್ನ ಮಗನಿಗೆ ಕೆಲಸ ಸಿಕ್ಕಿದೆ. ಭೆಕಾನಿ ಈಗ ಸರ್ಕಾರದ ವನ್ಯಪ್ರಾಣಿ ಉದ್ಯಾನದ ಕಾವಲುಗಾರ. ಹಸಿರು ಅಂಗಿ, ಬೂಟು, ಬಂದೂಕು ಎಲ್ಲ ಕೊಟ್ಟಿದ್ದಾರೆ. ಸೇರಿಸಿದ್ದು ಸಾರ್ಜೆಂಟ್ ಮ್ಲಾಂಬೋ. ನಿನಗೆ ನೆನಪಿರಬೇಕು, ಮರಳುದಿಬ್ಬದ ಆಚೆ ಮನೆಯವನು. ಅವನ ಹೆಂಡತಿ ಮಾನ್ಸೆಲೆ ಇಲ್ಲಿ ಬಟ್ಟೆ ಒಗೆಯುವ ಕಡೆ ಇದ್ದಾಳೆ.

ನನಗಿದ್ದ ಭಯ ಅಪ್ಪನದು. ಈ ಉದ್ಯಾನಕ್ಕಾಗಿ ಲಾರಿ ತಂದು ನಮ್ಮ ಮನೆ ಕೆಡವಿ, ಪಾತ್ರೆಗಳನ್ನು ಬೇಲಿಯ ಆಚೆ ಸುರಿದು ಹೋದವರ ಬಟ್ಟೆ ಅದು. ಈಗ ಒಂಬತ್ತನೇ ನಂಬರಿನ ಗುಡಿಸಲು ನಿಂತಿರುವುದು ನಮ್ಮ ದನದ ದೊಡ್ಡಿಯ ಜಾಗದಲ್ಲಿ. ಭೆಕಾನಿ ಹೊಸ ಬಟ್ಟೆಯಲ್ಲೇ ತಾತನಿಗೆ ತೋರಿಸಲು ಹೋದ. ಅಪ್ಪ ನೀರಿನಲ್ಲಿ ನೆಡುವ ಮೀನುಬೇಲಿಗೆ ಕಡ್ಡಿ ಸೀಳುತ್ತಾ ಕೂತಿದ್ದರು. ತಲೆ ಎತ್ತಲಿಲ್ಲ.

"ಯಾರದು ಬಂದಿರೋದು?"

"ನಾನು ತಾತ, ಭೆಕಾನಿ."

"ನೀನು ಅಂತ ಕಾಣ್ತದೆ. ಆ ಬಟ್ಟೆ ಯಾರದು ಅಂತ ಕೇಳ್ದೆ."

"ಸರ್ಕಾರದ್ದು ತಾತ."

"ಹಂಗಾದ್ರೆ ಸರ್ಕಾರಾನ ಬೇಲಿ ಮೇಲೆ ಬಿಟ್ಟು ನೀನೊಬ್ನೇ ಒಳಗ್ ಬಾ."

ಹುಡುಗ ಬಿಚ್ಚಿ ಬೇಲಿಗೆ ನೇತುಹಾಕಿ, ಚಡ್ಡಿಯಲ್ಲೇ ಅಂಗಳದಲ್ಲಿ ಕೂತು ತಾತನ ಜೊತೆ ಸುಟ್ಟ ಮೀನು ತಿಂದ. ಅಂದಿನಿಂದ ದಿನಾ ಅದೇ. ಹಾದಿಯಲ್ಲಿ ಹೋಗುವವರು ನಿಂತು ನೋಡುತ್ತಾರೆ.

ನಿನ್ನ ಅಕ್ಕ,
ಖೊಂಬಿಸಿಲೆ


ಗಣಿಯ ಹಾಸ್ಟೆಲ್, ಕಾರ್ಲ್ಟನ್‌ವಿಲ್
4 ಮೇ 1997

ಅಕ್ಕಾ,

ನಿನ್ನ ಕಾಗದವನ್ನು ಫಿಲಿಮೋನ್ ಟೆಂಬೆಗೆ ಓದಿ ಹೇಳಿದೆ. ನಮ್ಮೂರ ಟೆಂಬೆಗಳವನೇ, ನನ್ನ ಕೋಣೆಯಲ್ಲೇ ಇದ್ದಾನೆ. ಚಡ್ಡಿಯ ಕಥೆಗೆ ನಕ್ಕು ನಕ್ಕು ಮಂಚದಿಂದ ಬಿದ್ದ. ನೆಲದ ಕೆಳಗೆ ಎರಡು ಮೈಲಿ ಇಳಿಯುವವರಿಗೆ ಇಂಥದೊಂದು ಬೇಕು.

ಭೆಕಾನಿಗೆ ಹೇಳು, ಸೋದರಮಾವನಿಗೆ ಹೆಮ್ಮೆಯಾಗಿದೆ ಎಂದು. ಈ ಬಿಲಕ್ಕೆ ಬರುವುದಕ್ಕಿಂತ ಅದು ಒಳ್ಳೆಯದು. ಅಪ್ಪನ ಬಲಗಿವಿ ಈಗ ಪೂರ್ತಿ ಹೋಯಿತೇ? ಕಳೆದ ಸಲ ಬಂದಾಗ ನಾನು ಹಿಂದಿನಿಂದ ಕೂಗಿದರೆ ತಿರುಗುತ್ತಿರಲಿಲ್ಲ. ದೋಣಿಯಲ್ಲಿ ಒಬ್ಬರೇ ಹೋಗಲು ಬಿಡಬೇಡ.

ಕ್ರಿಸ್‌ಮಸ್ಸಿಗೆ ಬರುತ್ತೇನೆ. ತಾಳೆ ಹೆಂಡ ಇಳಿಸುವ ಮುದುಕ ಇನ್ನೂ ಬದುಕಿದ್ದರೆ ಹೇಳಿಡು.

ಎಲಿಫಾಸಿ


ಎಂಬಾಝೆನಿ
29 ಜೂನ್ 1997

ತಮ್ಮಾ,

ಇಲ್ಲಿ ಸಾವಾಗಿದೆ. ನಮ್ಮ ಮನೆಯದಲ್ಲ. ನ್ಸಿಬಾಂಡೆ ಎಂಬ ಕಾವಲುಗಾರ, ಭೆಕಾನಿಯ ಜೊತೆಗಾರ. ಇಬ್ಬರೂ ಒಂದೇ ದೋಣಿಯಲ್ಲಿದ್ದರು.

ಗಡಿಯ ಆಚೆಯಿಂದ ಬಲೆಯವರು ಬರುತ್ತಾರೆ. ನಮ್ಮ ಹಾಗೆ ಕಡ್ಡಿಬೇಲಿ ಕಟ್ಟಿ ಮನೆಗೆ ಬೇಕಾದಷ್ಟು ಹಿಡಿಯುವವರಲ್ಲ, ಸರೋವರದ ಬಾಯಿಗೇ ಅಡ್ಡಲಾಗಿ ಬಲೆ ಕಟ್ಟಿ ಲಾರಿಗಟ್ಟಲೆ ಒಯ್ಯುವವರು. ಅವರ ಬಳಿ ಹಳೆಯ ಯುದ್ಧದ ಬಂದೂಕುಗಳಿವೆ. ಗುರುವಾರ ಬೆಳಗಿನ ಮಂಜಿನಲ್ಲಿ ಒಂದು ದೋಣಿಯ ನೆರಳು ಕಂಡು ನ್ಸಿಬಾಂಡೆ 'ಯಾರು' ಎಂದು ಕೂಗಿದನಂತೆ. ಉತ್ತರವಾಗಿ ಗುಂಡು ಬಂತು, ನೇರ ಮುಖಕ್ಕೆ. ಭೆಕಾನಿ ಹೆಣವನ್ನು ತೊಡೆಯ ಮೇಲೆ ಹಾಕಿಕೊಂಡು ಒಬ್ಬನೇ ಹುಟ್ಟು ಹಾಕುತ್ತಾ ದೋಣಿಕಟ್ಟೆಗೆ ಬಂದ. ರಜೆಗೆ ಬಂದ ಮಕ್ಕಳು ಗಾಳ ಹಿಡಿದು ಅಲ್ಲೇ ನಿಂತಿದ್ದರು.

ಭೆಕಾನಿಯ ತಲೆಗೂದಲನ್ನು ಅಡುಗೆಮನೆಯ ಹಿಂದೆ ನಾನೇ ತೊಳೆದೆ. ಮೂರು ಸಲ ನೀರು ಬದಲಿಸಿದೆ. ಏನು ಬಂತೆಂದು ಬರೆಯಲಾರೆ. ಅವನು ಅಳಲಿಲ್ಲ. "ಅವ್ನು ಕೂಗಿದ್ದೇ ತಪ್ಪಾಯ್ತಮ್ಮಾ" ಎಂದ, ಅಷ್ಟೇ.

ಈಗ ಹೊಸ ಆಜ್ಞೆ ಬಂದಿದೆ. ಸೂರ್ಯ ಹುಟ್ಟುವ ಮೊದಲು ಯಾರೂ ನೀರಿಗಿಳಿಯುವಂತಿಲ್ಲ. ಕೂಗಿದಾಗ ನಿಲ್ಲದ ದೋಣಿಗೆ ಗುಂಡು. ಇದನ್ನು ಅಪ್ಪನಿಗೆ ಎಡಗಿವಿಯಲ್ಲಿ ಕೂಗಿ ಹೇಳಿದೆ. "ಇಳಿತ ಬಂದಾಗ ಮೀನು ಬೇಲೀಲಿ ನಿಲ್ತದೆ. ಅದಕ್ಕೆ ನಿಮ್ಮ ಆಜ್ಞೆ ಓದಕ್ಕೆ ಬರಲ್ಲ" ಎಂದರು.

ಖೊಂಬಿಸಿಲೆ


ಕಾರ್ಲ್ಟನ್‌ವಿಲ್
20 ಜುಲೈ 1997

ಅಕ್ಕಾ,

ಭೆಕಾನಿಯನ್ನು ಆ ಕೆಲಸದಿಂದ ಬಿಡಿಸು. ಆಡು ಕಾದುಕೊಂಡು ಮನೆಯಲ್ಲಿರಲಿ. ಇದನ್ನು ಬೇಡಿಕೊಳ್ಳುತ್ತಿಲ್ಲ, ಹೇಳುತ್ತಿದ್ದೇನೆ.

ಅಕ್ಷರ ಸೊಟ್ಟಗಿದೆ ಎಂದು ಗಾಬರಿಯಾಗಬೇಡ. ಕೈಯ ಮೇಲೆ ಸಣ್ಣ ಕಲ್ಲು ಬಿತ್ತು.

ಎಲಿಫಾಸಿ


ಎಂಬಾಝೆನಿ
23 ಆಗಸ್ಟ್ 1997

ತಮ್ಮಾ,

ಟೆಲಿಗ್ರಾಂ ನಿನಗೆ ತಲುಪಿರಬೇಕು. ಅಪ್ಪನನ್ನು ಹೋದ ಶನಿವಾರ ಮಣ್ಣು ಮಾಡಿದೆವು. ನಿನಗಾಗಿ ಮೂರು ದಿನ ಕಾದೆವು.

ನೀರಾನೆಯಿಂದಾಯಿತು. ಬುಧವಾರ ಬೆಳಗ್ಗೆ ಮೀನುಬೇಲಿಯ ಕಡೆ ಹೋಗಿದ್ದರು. ಮರಿ ಇರುವ ಹೆಣ್ಣು ನೀರಾನೆ ಈ ತಿಂಗಳೆಲ್ಲ ಜೊಂಡಿನಲ್ಲಿತ್ತು. ದೋಣಿ ಎರಡು ಹೋಳಾಗಿ ಸಿಕ್ಕಿತು. ಮ್ಲಾಂಬೋ ಮತ್ತು ಅವನ ಕಡೆಯವರು ಅಪ್ಪನನ್ನು ತಂದರು. ನಾನೇ ತೊಳೆದೆ. ಬೇಗ ಮುಗಿದಿರಬೇಕು, ಮುಖ ಶಾಂತವಾಗಿತ್ತು.

ಭೆಕಾನಿ ಊಟ ಮಾಡುತ್ತಿಲ್ಲ. ಅವನ ಮಾತು ಇನ್ನೊಂದು ದಿನ ಬರೆಯುತ್ತೇನೆ.

ಖೊಂಬಿಸಿಲೆ


ಕಾರ್ಲ್ಟನ್‌ವಿಲ್
14 ಸೆಪ್ಟೆಂಬರ್ 1997

ಅಕ್ಕಾ,

ರಜೆ ಕೊಡಲಿಲ್ಲ. ಅಪ್ಪನ ಮೇಲೆ ಒಂದು ಹಿಡಿ ಮಣ್ಣು ಹಾಕಲು ಆಗದ ಮಗ ನಾನು.

ನಿನ್ನ ಕಾಗದವನ್ನು ಹತ್ತು ಸಲ ಓದಿದೆ. ಐವತ್ತು ವರ್ಷ ಆ ನೀರಿನಲ್ಲಿ ದೋಣಿ ಹಾಕಿದವರು ಅಪ್ಪ. ಮರಿ ಇರುವ ಹೆಣ್ಣಿನ ಹತ್ತಿರ ಹೋಗಬಾರದೆಂದು ನನಗೆ ಬೆತ್ತದಲ್ಲಿ ಹೊಡೆದು ಕಲಿಸಿದವರು. ಅವರು ಹೇಗೆ ಹೋದರು? ಯಾವ ಕಡೆಯ ಜೊಂಡು? ಯಾರು ಮೊದಲು ನೋಡಿದ್ದು? ಮೈಮೇಲೆ ಹಲ್ಲಿನ ಗುರುತು ಎಲ್ಲಿತ್ತು? ಭೆಕಾನಿ ಆಗ ಎಲ್ಲಿದ್ದ?

ಎಲ್ಲವನ್ನೂ ಬರೆ. ಇಲ್ಲಿ ಕತ್ತಲಲ್ಲಿ ಬಂಡೆ ಕೊರೆಯುತ್ತಾ ನನಗೆ ಬೇರೆ ಏನೂ ಕಾಣುತ್ತಿಲ್ಲ.

ಎಲಿಫಾಸಿ


ಎಂಬಾಝೆನಿ
5 ಅಕ್ಟೋಬರ್ 1997

ತಮ್ಮಾ,

ಉತ್ತರದ ಜೊಂಡು. ನೋಡಿದ್ದು ಮ್ಲಾಂಬೋ. ಭೆಕಾನಿಗೆ ಅಂದು ದಿಬ್ಬದ ಮೇಲೆ ಪಾಳಿ ಇತ್ತು. ಗುರುತು ಎಲ್ಲಿತ್ತು ಎಂದು ಮಗಳ ಹತ್ತಿರ ಕೇಳಬಾರದು.

ಬಿಡಾರ ಮತ್ತೆ ತುಂಬಿದೆ. ಭೆಕಾನಿ ಕೆಲಸ ಬಿಡುತ್ತೇನೆಂದರೆ ಮ್ಲಾಂಬೋ, ಈಗ ಬಿಟ್ಟರೆ ಜನ ಏನಾದರೂ ಅಂದುಕೊಳ್ಳುತ್ತಾರೆ, ಸ್ವಲ್ಪ ತಡೆ ಎಂದಿದ್ದಾನೆ. ಮ್ಲಾಂಬೋನಿಗೂ ಏನೋ ಆಗಿದೆ. ನನ್ನ ಕಣ್ಣಿಗೆ ಕಣ್ಣು ಕೊಡುವುದಿಲ್ಲ. ವಾರಕ್ಕೊಮ್ಮೆ ಜೋಳದ ಹಿಟ್ಟಿನ ಮೂಟೆಯನ್ನು ಹೆಗಲ ಮೇಲೆ ಹೊತ್ತು ತಂದು ಬಾಗಿಲಲ್ಲಿ ಇಳಿಸಿ, ಮಾತಾಡದೆ ಹೋಗುತ್ತಾನೆ. ಬೇಡ ಎಂದೆ. "ಇಟ್ಕೊ ತಾಯಿ, ನನ್ನ ಸಮಾಧಾನಕ್ಕೆ" ಎಂದ. ಕುಡಿತವೂ ಹೆಚ್ಚಾಗಿದೆಯೆಂದು ಮಾನ್ಸೆಲೆ ಹೇಳಿದಳು.

ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಹೋದವರು ಹೋದರು.

ಖೊಂಬಿಸಿಲೆ


ಕಾರ್ಲ್ಟನ್‌ವಿಲ್
2 ನವೆಂಬರ್ 1997

ಅಕ್ಕಾ,

ಫಿಲಿಮೋನ್ ರಜೆ ಮುಗಿಸಿ ಮೊನ್ನೆ ಬಂದ. ಬಂದವನು ನನ್ನ ಕಡೆ ನೋಡದೆ ಗೋಡೆಗೆ ತಿರುಗಿ ಮಲಗಿದ. ಎಬ್ಬಿಸಿ ಕೂರಿಸಿದೆ.

"ಏನೋ, ಊರಲ್ಲಿ ಯಾರಾದ್ರೂ ಸತ್ರಾ?"

"ನಿಮ್ಮಪ್ಪ ಸತ್ರಲ್ಲ."

"ಅದು ಆಗಸ್ಟಲ್ಲಿ. ಈಗೇನು?"

"ನಮ್ ಚಿಕ್ಕಪ್ಪ ಪೆಟ್ಟಿಗೆಗೆ ಎತ್ತಿಟ್ಟಿದ್ದು. ಎತ್ತೋವಾಗ ಹೆಗಲಿನ ಕೆಳಗಿಂದ ಒಂದು ಬಟ್ಟೆ ಉದುರ್ತಂತೆ. ಬಿಳೀ ಬಟ್ಟೆ, ಸುರುಳಿ ಸುತ್ತಿ ತುರುಕಿದ್ದು. ಅದರ ಹಿಂದೆ ತೂತು. ನನ್ ಬೆರಳಷ್ಟು."

"ನೀರಾನೆ ಹಲ್ಲು ಇರ್ಬೋದು."

"ಎಲಿಫಾಸಿ, ನೀರಾನೆ ಹಲ್ಲು ನೀನು ನೋಡಿಲ್ವಾ?"

ನೋಡಿದ್ದೇನೆ. ನನ್ನ ಮುಂಗೈಯಷ್ಟು ಉದ್ದ, ದಪ್ಪ.

ಅಪ್ಪನಿಗೆ ಗುಂಡು ಹೊಡೆದಿದ್ದಾರೆ. ನೀನು ತೊಳೆದವಳು, ನಿನಗೆ ಗೊತ್ತಿತ್ತು. ನೀನು ಸುಳ್ಳು ಬರೆದೆ. ನಾನೂ ಬರೆದಿದ್ದೇನೆ, ಈಗ ಅದನ್ನೂ ಹೇಳಿಬಿಡುತ್ತೇನೆ. ಕೈಯ ಮೇಲೆ ಕಲ್ಲು ಬೀಳಲಿಲ್ಲ. ಹಾಸ್ಟೆಲಿನಲ್ಲಿ ಒಬ್ಬ ನನ್ನ ಊರನ್ನು ಬೈದ. ನಾನು ಬಾಟಲಿ ಒಡೆದು ಅವನ ಕುತ್ತಿಗೆಗೆ ಹಾಕಿದೆ, ಅವನ ಗೆಳೆಯರು ನನ್ನ ಕೈಗೂ ಹೊಟ್ಟೆಗೂ ಚಾಕು ಹಾಕಿದರು. ಅಪ್ಪನನ್ನು ಮಣ್ಣು ಮಾಡುವ ದಿನ ನಾನು ಆಸ್ಪತ್ರೆಯಲ್ಲಿ, ಕೀವಾದ ಹೊಟ್ಟೆಗೆ ಎರಡನೇ ಸಲ ಹೊಲಿಗೆ ಹಾಕಿಸಿಕೊಂಡು ಮಲಗಿದ್ದೆ. ನಾನು ಇರಿದವನು ಬದುಕಿದ. ಈಗ ನಾವಿಬ್ಬರೂ ಸರಿಹೋದೆವು, ಸುಳ್ಳು ಸಾಕು.

ಹೆಸರು ಬರೆ. ಒಂದೇ ಹೆಸರು.

ಎಲಿಫಾಸಿ


ಎಂಬಾಝೆನಿ
21 ನವೆಂಬರ್ 1997

ಎಲಿಫಾಸಿ,

ಹೆಸರಿಲ್ಲ. ಮಂಜಿತ್ತು. ಬಲೆಯವರು ಎಂದುಕೊಂಡು ಹೊಡೆದ ಗುಂಡು. ಬೇಕೆಂದು ಯಾರೂ ಹೊಡೆಯಲಿಲ್ಲ, ಇಷ್ಟನ್ನು ನಂಬು.

ಕ್ರಿಸ್‌ಮಸ್ಸಿಗೆ ಬರಬೇಡ. ಹೊಲಿಗೆ ಪೂರ್ತಿ ಮಾಗಲಿ. ಈಸ್ಟರಿಗೆ ಬಾ. ಆಗ ಕೂತು ಮಾತಾಡೋಣ.

ಖೊಂಬಿಸಿಲೆ


ಕಾರ್ಲ್ಟನ್‌ವಿಲ್
3 ಡಿಸೆಂಬರ್ 1997

ಅಕ್ಕಾ,

ನೀನು ಹೇಳದಿದ್ದರೂ ಹೇಳಿಬಿಟ್ಟಿದ್ದೀಯ. ಹೆದರಿಕೆಯಿಂದ ನೇರ ಬರೆಯಲಾಗದೆ ಅಕ್ಟೋಬರಿನ ಕಾಗದದಲ್ಲಿ ಸೂಚನೆ ಕೊಟ್ಟಿದ್ದೀಯ. ನಾನು ದಡ್ಡ, ಆಗ ತಿಳಿಯಲಿಲ್ಲ. ಕಣ್ಣಿಗೆ ಕಣ್ಣು ಕೊಡದವನು. ಹಿಟ್ಟಿನ ಮೂಟೆ ಹೊರುವವನು. ಭೆಕಾನಿ ಕೆಲಸ ಬಿಟ್ಟರೆ ಜನ ಏನೆಂದುಕೊಳ್ಳುತ್ತಾರೋ ಎಂದು ಹೆದರುವವನು. ನಮ್ಮ ಅಪ್ಪನನ್ನು ತಿಂದು ಜೋಳದ ಹಿಟ್ಟು ಕೊಡುತ್ತಾನೆ.

ನೀನಿನ್ನು ಹೆದರಬೇಕಾಗಿಲ್ಲ. ಗಣಿ ಹದಿನೈದಕ್ಕೆ ಕ್ರಿಸ್‌ಮಸ್ ರಜೆಗೆ ಮುಚ್ಚುತ್ತದೆ.

ಎಲಿಫಾಸಿ


ಎಂಬಾಝೆನಿ
11 ಡಿಸೆಂಬರ್ 1997

ತಮ್ಮಾ, ತಮ್ಮಾ,

ನಿನ್ನ ಕಾಗದ ಈಗ ಸಿಕ್ಕಿತು. ಅಂಗಡಿಯ ಫೋನಿನಿಂದ ಗಣಿಗೆ ಮೂರು ಸಲ ಮಾಡಿದೆ. ಪಾಳಿಯಲ್ಲಿದ್ದಾನೆ, ಹೇಳುತ್ತೇವೆ ಎಂದರು. ಹೇಳುತ್ತಾರೋ ಇಲ್ಲವೋ. ಬಸ್ಸಿನ ಚಾಲಕನ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ, ಪಟ್ಟಣದಲ್ಲಿ ಅಂಚೆಗೆ ಹಾಕುತ್ತಾನೆ.

ಮ್ಲಾಂಬೋ ಅಲ್ಲ. ನಾನು ಯಾವ ಸೂಚನೆಯನ್ನೂ ಕೊಡಲಿಲ್ಲ. ಅಪ್ಪನಿಗೆ ಗುಂಡು ಹೊಡೆದದ್ದು ಭೆಕಾನಿ.

ಬರೆದೆ. ಉಳಿದದ್ದನ್ನೂ ಓದು. ಮಂಜು ದಟ್ಟವಾಗಿತ್ತು. ದೋಣಿಯ ಮುಂದೆ ಭೆಕಾನಿ, ಹಿಂದೆ ಮ್ಲಾಂಬೋ. ಉತ್ತರದ ಜೊಂಡಿನ ಹತ್ತಿರ ಒಂದು ದೋಣಿ, ಬಗ್ಗಿ ನೀರಿನಿಂದ ಏನೋ ಎಳೆಯುವ ಒಂದು ಬೆನ್ನು. ಭೆಕಾನಿ ಮೂರು ಸಲ ಕೂಗಿದ. ಬೆನ್ನು ತಿರುಗಲಿಲ್ಲ. ಬಲಗಿವಿ ಇವರ ಕಡೆಗಿತ್ತು. ಮ್ಲಾಂಬೋ "ಹೊಡಿ" ಎಂದ. ನ್ಸಿಬಾಂಡೆ ಸತ್ತು ಏಳು ವಾರವಾಗಿತ್ತಷ್ಟೇ. ನನ್ನ ಮಗ ಹೊಡೆದ.

ಆರು ಗಂಟೆಗೆ ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ, ಸೊಂಟದವರೆಗೆ ಒದ್ದೆ. "ಅಮ್ಮಾ, ತಾತ" ಎಂದ. ಹಿಂದೆ ಬಂದ ಮ್ಲಾಂಬೋ ನನ್ನ ಮುಂದೆ ಮಂಡಿಯೂರಿದ. "ಹೊಡಿ ಅಂದೋನು ನಾನು, ತಾಯಿ. ಹುಡುಗ್ನ ಕೈ ಅಷ್ಟೇ. ಅವ್ನಿಗಿನ್ನೂ ಇಪ್ಪತ್ತೆರಡು. ನೀರಾನೆ ಅನ್ನೋಣ." ಅಪ್ಪನ ದೋಣಿಯನ್ನು ಕೊಡಲಿಯಿಂದ ಒಡೆದವನು ಅವನು. ತೂತಿಗೆ ಬಟ್ಟೆ ತುರುಕಿದವಳು ನಾನು. ತುರುಕಿ, ಕೈ ತೊಳೆದುಕೊಂಡು, ಬಿಡಾರದವರಿಗೆ ಬೆಳಗಿನ ತಿಂಡಿ ಮಾಡಿದೆ. ಹಂದಿಮಾಂಸ ಸೀದಿದೆ ಎಂದು ಒಬ್ಬರು ತಟ್ಟೆ ವಾಪಸ್ಸು ಕಳಿಸಿದರು.

ನನ್ನ ಅಪ್ಪ ಸತ್ತಿದ್ದರು. ಮಗನನ್ನೂ ಕೊಡಲು ನನ್ನಿಂದಾಗಲಿಲ್ಲ. ಸಿಟ್ಟಿದ್ದರೆ ನನ್ನ ಮೇಲೆ ಬಾ. ಮ್ಲಾಂಬೋನನ್ನು ಮುಟ್ಟಬೇಡ.

ಖೊಂಬಿಸಿಲೆ


ಎಂಬಾಝೆನಿ
14 ಜನವರಿ 1998

ಎಲಿಫಾಸಿ,

ಇದರ ಜೊತೆ ಇರುವ ಲಕೋಟೆಯನ್ನು ಮೊದಲು ಒಡೆದು ಓದು. ಡಿಸೆಂಬರ್ ಹನ್ನೊಂದರಂದು ಬರೆದದ್ದು. ಗಣಿ ಮುಚ್ಚಿದೆ, ವಿಳಾಸದವನಿಲ್ಲ ಎಂದು ಮುದ್ರೆ ಹೊಡೆದು ಮೊನ್ನೆ ನನಗೇ ಬಂತು. ಜೈಲಿನಲ್ಲಿ ಒಡೆದು ನೋಡಿಯೇ ಕೊಡುತ್ತಾರೆ ಎಂದರು. ನೋಡಿದರೆ ನೋಡಲಿ.

ನೀನು ಕಾಣದ್ದನ್ನು ಬರೆಯುತ್ತೇನೆ.

ಡಿಸೆಂಬರ್ ಇಪ್ಪತ್ತು. ನಾನು ಕ್ರಿಸ್‌ಮಸ್ಸಿನ ಬ್ರೆಡ್ಡಿಗೆ ಹಿಟ್ಟು ನಾದುತ್ತಿದ್ದೆ. ಕಿಟಕಿಯಿಂದ ದೋಣಿಕಟ್ಟೆ ಕಾಣುತ್ತದೆ. ರಜೆಯವರ ಚೀಟಿಗಳನ್ನು ಮ್ಲಾಂಬೋ ನೋಡುತ್ತಿದ್ದ. ಹಲಗೆಯ ಮೇಲೆ ನಿನ್ನ ನಡಿಗೆ ಕಂಡು ನನಗೆ ಒಂದು ಕ್ಷಣ ಖುಷಿಯಾಯಿತು. ಒಂದೇ ಕ್ಷಣ. ಆಮೇಲೆ ಕೈಯಲ್ಲಿದ್ದ ಮಚ್ಚು ಕಂಡಿತು.

ನಾನು ಓಡಿ ಬರುವಷ್ಟರಲ್ಲಿ ನೀನು ಕೇಳುತ್ತಿದ್ದೆ: "ನಮ್ಮಪ್ಪ ಸತ್ತಾಗ ನೀನು ಆ ದೋಣೀಲಿದ್ಯಾ?"

ಅವನು "ಇದ್ದೆ" ಎಂದ.

ಅಷ್ಟೇ ಎಂದ. ಇನ್ನೊಂದು ಮಾತು ಸೇರಿಸಿದ್ದರೆ ಬದುಕುತ್ತಿದ್ದ. ನಿನ್ನ ಮೊದಲ ಏಟು ಕುತ್ತಿಗೆಗೆ ಬಿತ್ತು, ಎರಡನೆಯದು ಅವನು ಅಡ್ಡ ಹಿಡಿದ ಕೈಗೆ. ಮೂರು ಬೆರಳು ನೀರಿಗೆ ಬಿದ್ದವು. ನೀನು ಮತ್ತೆ ಎತ್ತಿದಾಗ ನಿನ್ನ ಬೆನ್ನ ಹಿಂದೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಭೆಕಾನಿ ನಿಂತಿದ್ದ, ಬಂದೂಕು ನಿನ್ನ ಬೆನ್ನಿಗೆ ಗುರಿಯಾಗಿತ್ತು. ಇದು ನಿನಗೆ ಗೊತ್ತಿಲ್ಲ. ಮ್ಲಾಂಬೋ ಮಂಡಿಯ ಮೇಲಿದ್ದ. ಕತ್ತಿನಿಂದ ಉಕ್ಕುವುದನ್ನು ಉಳಿದ ಕೈಯಲ್ಲಿ ಒತ್ತಿಕೊಂಡು, ನಿನ್ನ ಕಾಲುಗಳ ನಡುವಿನಿಂದ ಭೆಕಾನಿಯನ್ನು ನೋಡಿ ತಲೆಯಾಡಿಸಿದ. ಬೇಡ ಎಂದು. ಹುಡುಗ ಬಂದೂಕು ಇಳಿಸಿದ. ನೀನು ಬದುಕಿರುವುದು ಹೀಗೆ.

ಆಮೇಲೆ ನೀನು ಮೂರನೆಯ ಏಟು ಹಾಕಿದೆ.

ರಜೆಯವರು ಒಂದು ಗಂಟೆಯೊಳಗೆ ಖಾಲಿಯಾದರು. ಒಂದು ಮಗುವಿನ ಚಪ್ಪಲಿ ಹಲಗೆಯ ಮೇಲೆ ಉಳಿದಿತ್ತು. ಹಲಗೆಗಳನ್ನು ಉಪ್ಪು ಹಾಕಿ ಉಜ್ಜಿದೆವು, ಕಲೆ ಹೋಗಲಿಲ್ಲ. ಮ್ಯಾನೇಜರ್ ನಾಲ್ಕು ಹಲಗೆ ಬದಲಿಸಿದ. ಹೊಸ ವರ್ಷಕ್ಕೆ ಹದಿನಾಲ್ಕು ಗುಡಿಸಲೂ ಮತ್ತೆ ತುಂಬಿದವು.

ಮಾನ್ಸೆಲೆ ಒಗೆಯುವ ಕೆಲಸಕ್ಕೆ ಬರುತ್ತಿದ್ದಾಳೆ. ನನ್ನನ್ನು ಅಪ್ಪಿಕೊಂಡು ಅತ್ತಳು. ನಿನ್ನ ತಮ್ಮನಿಗೆ ತಲೆ ಕೆಟ್ಟಿತ್ತು, ನಿನ್ನ ತಪ್ಪೇನು ಎಂದಳು.

ಉತ್ತರ ಬರೆ.

ಖೊಂಬಿಸಿಲೆ


ಎಂಬಾಝೆನಿ
17 ಮೇ 1998

ಎಲಿಫಾಸಿ,

ಜನವರಿಯಿಂದ ನಾಲ್ಕು ಕಾಗದ ಹಾಕಿದ್ದೇನೆ. ನಿನ್ನಿಂದ ಒಂದು ಸಾಲಿಲ್ಲ. ಕೋರ್ಟಿನಲ್ಲಿ ನಿನಗೆ ಹದಿನೆಂಟು ವರ್ಷ ಎಂದು ಓದಿದಾಗಲೂ ನೀನು ನನ್ನ ಕಡೆ ತಿರುಗಲಿಲ್ಲ. ನ್ಯಾಯಾಧೀಶರು, ಈ ಮನುಷ್ಯನನ್ನು ಯಾಕೆ ಕೊಂದೆ ಎಂದು ಕೇಳಿದರು. ನೀನು ಸುಮ್ಮನಿದ್ದೆ. ನನ್ನ ಮಗನ ಹೆಸರು ನಿನ್ನ ಬಾಯಿಗೆ ಬರಲಿಲ್ಲ. ಅಂದು ಬಸ್ಸಿನಲ್ಲಿ ಬರುವಾಗ, ನೀನು ಹಾಗೆ ಸುಮ್ಮನಿದ್ದದ್ದು ಭೆಕಾನಿಗಾಗಿಯೋ, ನನ್ನನ್ನು ಸುಡುವುದಕ್ಕಾಗಿಯೋ ಎಂದು ಯೋಚಿಸುತ್ತಿದ್ದೆ. ಇನ್ನೂ ತಿಳಿದಿಲ್ಲ.

ಊರಿನಲ್ಲಿ ಎಲ್ಲರೂ, ಮ್ಲಾಂಬೋ ಒಬ್ಬ ಮುದುಕನನ್ನು ಕೊಂದು ನೀರಾನೆಯ ಮೇಲೆ ಹಾಕಿದ ಎನ್ನತೊಡಗಿದರು. ಅವನ ಗೋರಿಯ ಮೇಲೆ ಯಾರೋ ಕೊಳೆತ ಮೀನು ಸುರಿದರು. ಮಾನ್ಸೆಲೆ ಅದನ್ನು ಬರಿಗೈಯಲ್ಲಿ ಬಾಚಿದಳೆಂದು ಕೇಳಿದ ದಿನ ಹಿಟ್ಟಿನ ಕೈಯಲ್ಲೇ ಒಗೆಯುವ ಕಡೆಗೆ ಹೋದೆ. ನಿಂತಲ್ಲೇ ಹೇಳಿದೆ, ಮೊದಲಿನಿಂದ ಕೊನೆಯವರೆಗೆ.

ಅವಳು ಬಿಡಾರದ ಹಾಸುಬಟ್ಟೆ ಹಿಂಡುತ್ತಿದ್ದಳು. ಹಿಂಡುವುದನ್ನು ಮುಗಿಸಿದಳು. ತಂತಿಗೆ ಹಾಕಿ, ಮೂಲೆಗಳನ್ನು ಸರಿ ಮಾಡಿದಳು. ಆಮೇಲೆ ಕೇಳಿದಳು.

"ಎಷ್ಟು ದಿನದಿಂದ ಗೊತ್ತು?"

"ಮೊದಲ ದಿನದಿಂದ."

"ನನ್ ಗಂಡನ್ನ ಪೆಟ್ಟಿಗೇಲಿಟ್ಟಾಗ ನೀನು ನನ್ ಕೈ ಹಿಡ್ಕೊಂಡಿದ್ದೆ."

"ಹೂಂ."

"ಆಗ್ಲೂ ಗೊತ್ತಿತ್ತು."

"ಹೂಂ, ಮಾನ್ಸೆಲೆ."

ಬಟ್ಟೆ ಬಡಿಯುವ ಕೋಲು ಪಕ್ಕದಲ್ಲೇ ಇತ್ತು. ನನ್ನ ಎಡಗೈ ಎರಡು ಕಡೆ ಮುರಿದಿದೆ. ಪಕ್ಕೆಲುಬು ಕೂಡ. ನಾನು ತಡೆಯಲಿಲ್ಲ. ಕೊನೆಗೆ ಅವಳೇ ಕೋಲು ಬಿಸಾಡಿ, ನನ್ನ ಪಕ್ಕ ಒದ್ದೆ ನೆಲದಲ್ಲಿ ಕೂತು ಉಸಿರು ಎಳೆದುಕೊಂಡಳು. ನಮ್ಮನ್ನು ಬಿಡಿಸಲು ಓಡಿಬಂದವನು ಭೆಕಾನಿ. ಬಂದವನಿಗೆ, ನಾನು ಎಲ್ಲ ಹೇಳಿಬಿಟ್ಟೆ ಎಂದು ತಿಳಿಯಿತು. ಅವಳ ಮುಂದೆ ಬಂದೂಕು ಇಟ್ಟು, ಅಂಗಿ ಬಿಚ್ಚಿ ಅದರ ಮೇಲಿಟ್ಟ. ಬನಿಯನ್ನಿನಲ್ಲೇ ಹದಿನೈದು ಮೈಲಿ ನಡೆದು ಪೊಲೀಸ್ ಠಾಣೆಗೆ ಹೋದ. ನಾನು ಕರೆಯಲಿಲ್ಲ. ಹೋಗು ಎನ್ನಲೂ ಇಲ್ಲ.

ನನ್ನ ಮೇಲೂ ಕೇಸು ಆಗಿದೆ. ಬಿಡಾರದ ಕೆಲಸ ಹೋಯಿತು. ಕಾಗದವನ್ನು ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ, ಹಾಳೆ ಜಾರುತ್ತದೆ.

ಖೊಂಬಿಸಿಲೆ


ಜೈಲು, ಮೂರನೇ ವಿಭಾಗ
6 ಸೆಪ್ಟೆಂಬರ್ 1998

ಅಕ್ಕಾ,

ನಿನ್ನ ಕಾಗದಗಳೆಲ್ಲ ತಲುಪಿವೆ. ಜನವರಿಯದನ್ನು ಓದಿದ ಮೇಲೆ ಪೆನ್ನು ಹಿಡಿಯಲಾಗಲಿಲ್ಲ. ಹಿಡಿದರೆ ಮಚ್ಚು ಹಿಡಿದ ಆ ಕೈಯೇ ಕಾಣುತ್ತಿತ್ತು. ಕೋರ್ಟಿನಲ್ಲಿ ಸುಮ್ಮನಿದ್ದದ್ದು ಭೆಕಾನಿಗಾಗಿಯೂ ಅಲ್ಲ, ನಿನ್ನನ್ನು ಸುಡುವುದಕ್ಕೂ ಅಲ್ಲ. ಯಾಕೆ ಕೊಂದೆ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಹೋದ ತಿಂಗಳು ಹತ್ತೊಂಬತ್ತಕ್ಕೆ ನಿನ್ನ ಮಗನನ್ನು ಇಲ್ಲಿಗೆ ತಂದರು. ಆರು ವರ್ಷ ಆಗಿದೆಯಂತೆ. ಇಬ್ಬರೂ ಒಂದೇ ಮನೆಯವರೆಂದು ಯಾರೂ ನೋಡಲಿಲ್ಲ. ಹೆಸರು ಬೇರೆ, ಅವನು ಗುಮೆಡೆ, ನಾನು ಝಿಖಾಲಿ. ಅಂಗಳದಲ್ಲಿ ಸಾಲು ನಿಂತಿದ್ದೆವು. ನನ್ನನ್ನು ನೋಡಿ ಅವನು ಸಾಲು ಬಿಟ್ಟು ನೇರವಾಗಿ ನನ್ನ ಮುಂದೆ ಬಂದು ನಿಂತ. ಕೈಗಳು ಕೆಳಗೇ ಇದ್ದವು.

ನಾನು ಅವನನ್ನು ಹೊಡೆದೆ. ನಿನಗೆ ಸುಳ್ಳು ಬರೆಯುವುದಿಲ್ಲ. ಬಿದ್ದ ಮೇಲೂ ಹೊಡೆದೆ, ಮುಖಕ್ಕೆ, ಮುಷ್ಟಿಯಿಂದ. ನಾಲ್ಕು ಜನ ಕಾವಲಿನವರು ಎಳೆದರು. ನನ್ನನ್ನು ಹನ್ನೆರಡು ದಿನ ಒಂಟಿ ಕೋಣೆಯಲ್ಲಿ ಹಾಕಿದರು. ಆ ಹನ್ನೆರಡು ದಿನ ನನಗೆ ಒಂದೇ ಪ್ರಶ್ನೆ ಇತ್ತು. ಹೊರಗೆ ಬಿಟ್ಟ ಕೂಡಲೇ ಅವನನ್ನು ಹುಡುಕಿದೆ. ಗೋಡೆಯ ನೆರಳಿನಲ್ಲಿ ಕೂತಿದ್ದ. ಪಕ್ಕದವರು ಎದ್ದು ಹೋದರು. ಅವನು ಏಳಲಿಲ್ಲ.

"ಅಪ್ಪನಿಗೆ ಜೀವ ಇತ್ತಾ, ನೀವು ಹತ್ರ ಹೋದಾಗ?"

"ಇತ್ತು ಮಾವ. ದಡ ಸೇರೋ ತನಕ ಇತ್ತು."

"ನೀನು ಅಂತ ಗೊತ್ತಾಯ್ತಾ?"

"ಗೊತ್ತಾಯ್ತು. ನನ್ ಕಿವಿ ಹಿಡ್ಕೊಂಡ್ರು, ಚಿಕ್ಕವನಿದ್ದಾಗ ಹಿಡೀತಿದ್ದಂಗೆ."

"ಏನಾದ್ರೂ ಅಂದ್ರಾ?"

ಇದನ್ನು ಅಮ್ಮನಿಗೂ ಹೇಳಿಲ್ಲ ಎಂದ. ಹೇಳು ಎಂದೆ.

"'ಎಲಿಫಾಸಿಗೆ ತಿಳೀಬಾರ್ದು. ಅವ್ನು ಬಂದು ಯಾರನ್ನಾದ್ರೂ ಕೊಂದ್ಬಿಡ್ತಾನೆ.' ಮ್ಲಾಂಬೋ ಕೈಲಿ ಆಣೆ ಮಾಡಿಸ್ಕೊಂಡ್ರು. ಆಮೇಲೆ ಮಾತಿಲ್ಲ."

ಅಪ್ಪನ ಕೊನೆಯ ಉಸಿರು ಹೋದದ್ದು ನನ್ನ ಭಯದಲ್ಲಿ, ಅಕ್ಕಾ. ಗುಂಡು ಹೊಡೆದವನ ಕಿವಿ ಹಿಡಿದುಕೊಂಡು, ಅವರು ಹೆದರಿದ್ದು ನನಗೆ. ಮ್ಲಾಂಬೋ ಆ ಆಣೆಯನ್ನು ಉಳಿಸಿಕೊಂಡ. ನಾನು ಮಚ್ಚು ಎತ್ತಿ ನಿಂತು ಕೇಳಿದಾಗಲೂ ಉಳಿಸಿಕೊಂಡ. ಇದನ್ನು ಮಾನ್ಸೆಲೆಗೆ ನೀನೇ ಹೋಗಿ ಹೇಳು. ಮತ್ತೆ ಹೊಡೆದರೆ ಹೊಡೆಸಿಕೊ. ಅವಳ ಗಂಡ ಹೇಗೆ ಸತ್ತ ಎಂಬುದು ಅವಳದು, ಅದನ್ನು ನಾವು ಇಟ್ಟುಕೊಳ್ಳಬಾರದು.

ಭೆಕಾನಿಯನ್ನು ನನ್ನ ಕೋಣೆಗೆ ಹಾಕಿ ಎಂದು ಕೇಳಿದೆ. ಕಾವಲಿನವನು ನಕ್ಕ. ಅವನೂ ಅದನ್ನೇ ಕೇಳಿಕೊಂಡಿದ್ದಾನೆ ಎಂದು ಗೊತ್ತಾದ ಮೇಲೆ ನಗು ನಿಲ್ಲಿಸಿ ಬರೆದುಕೊಂಡ. ಶುಕ್ರವಾರದಿಂದ ಇಬ್ಬರೂ ಒಂದೇ ಕಡೆ ಇದ್ದೇವೆ. ನಿದ್ದೆಯಲ್ಲಿ 'ಯಾರು, ಯಾರು' ಎಂದು ಕೂಗುತ್ತಾನೆ. ನಾನು ಎಂದು ಹೇಳುತ್ತೇನೆ. ಆಗ ಮಲಗುತ್ತಾನೆ.

ಕೇಸು ನಡೆಯುತ್ತಿದ್ದರೂ ನಿನಗೆ ಇಲ್ಲಿಗೆ ಬರಲು ಬಿಡುತ್ತಾರಂತೆ, ತಿಂಗಳಿಗೊಂದು ಭಾನುವಾರ. ಕೈ ಪೂರ್ತಿ ಕೂಡಿದ್ದರೆ ಬಾ. ಅವನ ಮುಂದಿನ ಎರಡು ಹಲ್ಲು ಹೋಗಿವೆ, ನನ್ನ ಕೈಯಿಂದ. ಬ್ರೆಡ್ಡನ್ನು ನೀರಿನಲ್ಲಿ ಅದ್ದಿ ನುಂಗುತ್ತಾನೆ, ಒಸಡು ಇನ್ನೂ ಮಾಗಿಲ್ಲ. ಮೆತ್ತಗಿನದು ಏನಾದರೂ ತಾ. ಕೆಸುವಿನ ಗಡ್ಡೆ ಬೇಯಿಸಿ ತಂದರೆ ಒಳಗೆ ಬಿಡುತ್ತಾರೆ. ಸಿಪ್ಪೆ ತೆಗೆದು, ಚೆನ್ನಾಗಿ ಹಿಸುಕಿ ತಾ.

ಎಲಿಫಾಸಿ